ಆಟಕ್ಕೆ ಕೊಟ್ಟ ಕಾಸು

ತೊಂಬತ್ತರ ದಶಕದಲ್ಲಿ ವಿಡಿಯೋ ಗೇಮ್ ಅಂಗಡಿಗಳಿಗೆ ಮನೆಯವರ ಕಣ್ಣು ತಪ್ಪಿಸಿ ಹೋಗುತ್ತಿದ್ದವರನ್ನು ಇವತ್ತು ಮಾತಿಗೆಳೆದರೆ ಮೊದಲು ಕೇಳಿಬರುವ ಹೆಸರು ‘ಮುಸ್ತಫಾ’. ಜಪಾನಿನ ಕ್ಯಾಪ್ಕಾಮ್ ಕಂಪನಿ 1993ರಲ್ಲಿ ಹೊರತಂದ ‘ಕ್ಯಾಡಿಲಾಕ್ಸ್ ಆ್ಯಂಡ್ ಡೈನೊಸಾರ್ಸ್’ ಆಟದಲ್ಲಿ ಆರಿಸಿಕೊಳ್ಳಲು ನಾಲ್ವರು ಇದ್ದರು. ಅವರಲ್ಲಿ ಚುರುಕಿನವನು ಮುಸ್ತಫಾ. ಆಟದ ಉದ್ದನೆಯ ಹೆಸರು ಯಾರಿಗೂ ಬೇಕಾಗಲಿಲ್ಲ, ಅವನ ಹೆಸರೇ ದೇಶದುದ್ದಕ್ಕೂ ಆಟದ ಹೆಸರಾಯಿತು. ಒಂದು ರೂಪಾಯಿಗೆ ಒಂದು ಕಾಯಿನ್, ಕಾಯಿನ್ ಹಾಕಿದರೆ ಎಣಿಸಿಟ್ಟಷ್ಟು ಲೈಫ್. ಲೈಫ್ ಮುಗಿದೊಡನೆ ಪರದೆಯ ಮೇಲೆ ಅಂಕಿಗಳು ಇಳಿಯತೊಡಗುತ್ತಿದ್ದವು: ಒಂಬತ್ತು, ಎಂಟು, ಏಳು. ಸೊನ್ನೆ ಬರುವುದರೊಳಗೆ ಇನ್ನೊಂದು ಕಾಯಿನ್ ಬಿದ್ದರೆ ಸತ್ತ ಜಾಗದಿಂದಲೇ ಎದ್ದು ಹೊಡೆದಾಡಬಹುದು. ಬೀಳದಿದ್ದರೆ ಎಲ್ಲವೂ ಮೊದಲಿನಿಂದ.

ಆ ಎಣಿಕೆ ಸುಮ್ಮನೆ ಬಂದದ್ದಲ್ಲ. ಅಂಗಡಿಯವನು ದುಬಾರಿ ಯಂತ್ರ ತಂದಿಟ್ಟಿರುತ್ತಾನೆ. ಮಳಿಗೆಗೆ ಬಾಡಿಗೆ, ಕರೆಂಟಿಗೆ ಬಿಲ್ಲು ಕಟ್ಟುತ್ತಾನೆ. ಒಬ್ಬ ಹುಡುಗ ಒಂದೇ ರೂಪಾಯಿಯಲ್ಲಿ ಮಧ್ಯಾಹ್ನವಿಡೀ ನಿಂತುಬಿಟ್ಟರೆ ಅಂಗಡಿಯವನಿಗೆ ಗಿಟ್ಟುವುದಿಲ್ಲ. ಆದ್ದರಿಂದ ಆಟವು ಹೊಸಬನನ್ನು ಕೆಲವೇ ನಿಮಿಷಗಳಲ್ಲಿ ಸಾಯಿಸಬೇಕು. ಬರೀ ಸಾಯಿಸಿದರೆ ಸಾಲದು, ‘ಛೆ, ಸ್ವಲ್ಪದರಲ್ಲಿ ತಪ್ಪಿತು’ ಅನ್ನಿಸುವ ಹಾಗೆ ಸಾಯಿಸಬೇಕು. 1978ರಲ್ಲಿ ಜಪಾನಿನ ತೊಮೊಹಿರೊ ನಿಶಿಕಾಡೊ ರೂಪಿಸಿದ ‘ಸ್ಪೇಸ್ ಇನ್ವೇಡರ್ಸ್’ನಲ್ಲಿ ಶತ್ರುಗಳು ಕಡಿಮೆಯಾದಂತೆಲ್ಲ ಉಳಿದವರ ವೇಗ ಹೆಚ್ಚುತ್ತಿತ್ತು. ಪರದೆಯ ಮೇಲೆ ಬಿಡಿಸಬೇಕಾದ ಚಿತ್ರಗಳು ಕಡಿಮೆಯಾದಾಗ ಆ ಕಾಲದ ನಿಧಾನದ ಚಿಪ್‌ಗೆ ಭಾರ ಇಳಿದು ತಾನಾಗಿ ಆದದ್ದು ಅದು. ನಿಶಿಕಾಡೊ ಅದನ್ನು ತಿದ್ದದೆ ಹಾಗೆಯೇ ಬಿಟ್ಟರು. ಕಾಯಿನ್ ವ್ಯಾಪಾರಕ್ಕೆ ಅದಕ್ಕಿಂತ ಹೊಂದುವ ಏರ್ಪಾಡು ಇನ್ನೊಂದಿರಲಿಲ್ಲ. ಆ ಆಟಕ್ಕೆ ಕೊನೆಯೇ ಇಲ್ಲ. ಆಡುವವನ ಸೋಲೇ ಅದರ ಕೊನೆ.

ವಿಡಿಯೋ ಗೇಮ್‌ಗಳ ಐವತ್ತು ವರ್ಷಗಳ ಚರಿತ್ರೆಯನ್ನು ಹೇಳುವವರು ಸಾಮಾನ್ಯವಾಗಿ ಗ್ರಾಫಿಕ್ಸ್ ಹೇಗೆ ಬೆಳೆಯಿತು, ಯಂತ್ರಗಳು ಎಷ್ಟು ಶಕ್ತಿವಂತವಾದವು ಎಂದು ಹೇಳುತ್ತಾರೆ. ಆಡುವ ಅಭ್ಯಾಸ ಬದಲಾದ ಕಥೆ ನನಗೆ ಕಾಣುವುದು ಬೇರೆ ಕಡೆ, ಗಲ್ಲಾಪೆಟ್ಟಿಗೆಯಲ್ಲಿ. ನಾವು ಯಾವುದಕ್ಕೆ ಹಣ ಕೊಡುತ್ತೇವೆ? ನಿಮಿಷಕ್ಕೋ, ವಸ್ತುವಿಗೋ, ಅನುಮತಿಗೋ, ಅಂಗಿಗೋ? ಅದು ಬದಲಾದಾಗಲೆಲ್ಲ ಆಟದ ಒಳಗೇ ಬದಲಾಗಿದೆ, ಅದರ ಬೆನ್ನಿಗೆ ನಮ್ಮ ದಿನಚರಿಯೂ. ಈ ಹಾದಿಯಲ್ಲಿ ಕರ್ನಾಟಕದ ಆಟಗಾರರು ಅಮೆರಿಕ, ಜಪಾನಿನವರು ನಡೆದ ಒಂದು ದೊಡ್ಡ ಹಂತವನ್ನು ಹಾರಿಯೇ ಬಂದಿದ್ದಾರೆ.

ಆ ಹಂತ ಯಾವುದೆಂದರೆ, ಆಟವನ್ನು ವಸ್ತುವಾಗಿ ಕೊಂಡು ಮನೆಯ ಕಪಾಟಿನಲ್ಲಿ ಇಟ್ಟುಕೊಳ್ಳುವುದು. 1977ರಲ್ಲಿ ಅಟಾರಿ ಕಂಪನಿ ಅಮೆರಿಕದಲ್ಲಿ ಟಿವಿಗೆ ಜೋಡಿಸುವ ಯಂತ್ರ ತಂದಾಗ ಆಟಗಳು ಪ್ಲಾಸ್ಟಿಕ್ ಡಬ್ಬಿಗಳಾಗಿ ಅಂಗಡಿಗೆ ಬಂದವು. ಪೂರ್ತಿ ಹಣ ಮೊದಲೇ ಕೊಟ್ಟಾಯಿತು. ಆಮೇಲೆ ಸಾವಿರ ಸಲ ಆಡಿದರೂ ಕೇಳುವವರಿಲ್ಲ. ಆದರೆ ಡಬ್ಬಿಯೊಳಗೆ ಏನಿದೆ ಎಂದು ಮುಂಚೆ ಗೊತ್ತಾಗುವಂತಿರಲಿಲ್ಲ. ಕೊಳ್ಳುವವರು ಮುಚ್ಚಳದ ಮೇಲಿನ ಬಣ್ಣದ ಚಿತ್ರ ನೋಡಿ ಮೋಸಹೋದರು, ತಯಾರಿಸುವವರು ಅವಸರದಲ್ಲಿ ಕಸ ತುಂಬಿದರು. 1982ರ ಕ್ರಿಸ್‌ಮಸ್‌ಗೆಂದು ಕೆಲವೇ ವಾರಗಳಲ್ಲಿ ಬರೆದು ಮುಗಿಸಿದ ‘ಇ.ಟಿ.’ ಆಟ ರಾಶಿ ರಾಶಿ ಉಳಿದುಹೋಯಿತು. ಮರುವರ್ಷ ಅಮೆರಿಕದ ಗೇಮ್ ಮಾರುಕಟ್ಟೆಯೇ ಕುಸಿದು, ಮಾರಾಟವಾಗದ ಡಬ್ಬಿಗಳನ್ನು ನ್ಯೂ ಮೆಕ್ಸಿಕೊದ ಅಲಮೊಗೊರ್ಡೊದಲ್ಲಿ ನೆಲದಡಿ ಹೂಳಲಾಯಿತು. ದಂತಕಥೆ ಎಂದೇ ಹಲವರು ನಂಬಿದ್ದ ಆ ಸಂಗತಿ 2014ರಲ್ಲಿ ಅಗೆದಾಗ ನಿಜವೆಂದು ಗೊತ್ತಾಯಿತು. 1983ರಲ್ಲೇ ಜಪಾನಿನಲ್ಲಿ ನಿಂಟೆಂಡೊದ ಫ್ಯಾಮಿಕಾಮ್ ಬಂದು ಆ ವ್ಯಾಪಾರಕ್ಕೆ ಮತ್ತೆ ಜೀವ ತುಂಬಿತು.

ನಮ್ಮಲ್ಲಿಗೆ ಹೆಚ್ಚಾಗಿ ಬಂದದ್ದು ಆ ಫ್ಯಾಮಿಕಾಮ್‌ನ ನಕಲುಗಳು. ಹಳದಿ ಅಥವಾ ಕಪ್ಪು ಕ್ಯಾಸೆಟ್ಟುಗಳು, ಅವುಗಳ ಮೇಲೆ ‘99999 ಆಟಗಳು’ ಎಂಬ ದೊಡ್ಡ ಅಕ್ಷರ. ಹಾಕಿ ನೋಡಿದರೆ ಇರುತ್ತಿದ್ದದ್ದು ಬೆರಳೆಣಿಕೆಯ ಆಟಗಳು, ಉಳಿದವೆಲ್ಲ ಅವೇ ಆಟಗಳು ಬೇರೆ ಬೇರೆ ಹಂತದಿಂದ ಶುರುವಾಗುವಂಥವು. ಆದರೂ ಮಾರಿಯೋ, ಕಾಂಟ್ರಾ, ಬಾತುಕೋಳಿ ಹೊಡೆಯುವ ಆಟ ಈ ಮೂರೇ ಸಾಕಾಗಿದ್ದವು. ಯಾರ ಮನೆಯಲ್ಲಿ ಟಿವಿ ಗೇಮ್ ಇದೆಯೋ ಆ ಮನೆಗೆ ಬೇಸಿಗೆ ರಜೆಯಲ್ಲಿ ಓಣಿಯ ಮಕ್ಕಳೆಲ್ಲ ಸೇರುತ್ತಿದ್ದರು. ಕ್ಯಾಸೆಟ್ಟು ಕೆಲಸ ಮಾಡದಿದ್ದರೆ ತೆಗೆದು ಊದಿ ಮತ್ತೆ ಹಾಕುವುದು ಎಲ್ಲ ಊರಿನಲ್ಲೂ ಒಂದೇ ಥರ.

ಕಾಂಟ್ರಾ ಆಟ ಯಾಕಷ್ಟು ಕಷ್ಟವಿತ್ತು ಎಂದು ಆಗ ಯಾರೂ ಕೇಳಲಿಲ್ಲ. ಒಂದು ಗುಂಡು ತಗುಲಿದರೆ ಒಂದು ಲೈಫ್ ಹೋಯಿತು, ಇದ್ದದ್ದು ಮೂರೇ. ಕಾರಣ ಸರಳ: ಅದು ಮೂಲದಲ್ಲಿ 1987ರ ಕಾಯಿನ್ ಯಂತ್ರದ ಆಟ. ಮನೆಗೆ ಬಂದಾಗ ಕಾಯಿನ್ ಹೋಯಿತು, ಕಾಯಿನ್‌ಗಾಗಿ ಇಟ್ಟಿದ್ದ ಕ್ರೌರ್ಯ ಉಳಿಯಿತು. ಅದಕ್ಕೇ ಮೇಲೆ ಮೇಲೆ, ಕೆಳಗೆ ಕೆಳಗೆ, ಎಡ ಬಲ, ಎಡ ಬಲ, ಬಿ, ಎ ಒತ್ತಿ ಮೂವತ್ತು ಲೈಫ್ ಪಡೆಯುವ ಗುಟ್ಟು ಮಕ್ಕಳ ಬಾಯಿಂದ ಬಾಯಿಗೆ ಹರಡಿತು. ಕೊನಾಮಿ ಕಂಪನಿಯ ಕಜುಹಿಸಾ ಹಶಿಮೊಟೊ ಅದನ್ನು ಮೊದಲು ‘ಗ್ರೇಡಿಯಸ್’ ಎಂಬ ಇನ್ನೊಂದು ಆಟದಲ್ಲಿ ಇಟ್ಟಿದ್ದು, ಆಟ ಪರೀಕ್ಷಿಸುವಾಗ ತನಗೇ ಅದು ಬಹಳ ಕಷ್ಟವಾಗುತ್ತಿತ್ತು ಎಂಬ ಕಾರಣಕ್ಕೆ.

ಅಮೆರಿಕದಲ್ಲಿ ಅದೇ ಹೊತ್ತಿಗೆ ಇನ್ನೊಂದು ಅಭ್ಯಾಸ ಬೆಳೆದಿತ್ತು. ಶುಕ್ರವಾರ ಸಂಜೆ ವಿಡಿಯೋ ಕ್ಯಾಸೆಟ್ ಅಂಗಡಿಯಿಂದ ಆಟವನ್ನು ಬಾಡಿಗೆಗೆ ತಂದು, ಭಾನುವಾರದೊಳಗೆ ಆಡಿ ಮುಗಿಸಿ ಹಿಂದಿರುಗಿಸುವುದು. ಎರಡು ದಿನದಲ್ಲಿ ಮುಗಿದುಹೋಗುವ ಆಟವನ್ನು ಯಾರು ಕೊಳ್ಳುತ್ತಾರೆ? 1994ರ ‘ಲಯನ್ ಕಿಂಗ್’ ಆಟದ ಎರಡನೆಯ ಹಂತದಲ್ಲಿ ಕೋತಿಗಳು ಸಿಂಹದ ಮರಿಯನ್ನು ಎತ್ತಿ ಎಸೆಯುವ ಒಂದು ಒಗಟಿದೆ. ನಮ್ಮಲ್ಲೂ ಕಂಪ್ಯೂಟರಿನಲ್ಲಿ ಅದನ್ನು ಆಡಿದವರು ಅಲ್ಲಿಯೇ ಸಿಕ್ಕಿಹಾಕಿಕೊಂಡದ್ದನ್ನು ಮರೆತಿರಲಾರರು. ಚಿಕ್ಕ ಮಕ್ಕಳ ಆಟದಲ್ಲಿ ಅಷ್ಟು ಬೇಗ ಅಷ್ಟು ಕಷ್ಟ ಯಾಕೆ? ಬಾಡಿಗೆಗೆ ತಂದವರು ಒಂದೇ ವಾರಾಂತ್ಯದಲ್ಲಿ ಮುಗಿಸಬಾರದೆಂದು ಬೇಕೆಂದೇ ಕಷ್ಟವಾಗಿಸಲಾಯಿತು ಎಂದು ಆ ಆಟ ತಯಾರಿಸಿದವರಲ್ಲೊಬ್ಬರಾದ ಲೂಯಿಸ್ ಕ್ಯಾಸಲ್ ವರ್ಷಗಳ ನಂತರ ಹೇಳಿದರು. ಯಾವುದೋ ದೇಶದ ಬಾಡಿಗೆ ಅಂಗಡಿಯ ಲೆಕ್ಕಕ್ಕೆ ಇಲ್ಲಿನ ಮಗು ಅತ್ತಿತ್ತು.

ಗಂಟೆಯ ಲೆಕ್ಕ

ನಮ್ಮೂರುಗಳಲ್ಲಿ ಆಗ ಸೈಕಲ್ಲೂ ಗಂಟೆ ಲೆಕ್ಕದ ಬಾಡಿಗೆಗೆ ಸಿಗುತ್ತಿತ್ತು. ಸೈಕಲ್ ಅಂಗಡಿಯವನು ನೋಟ್‌ಬುಕ್ಕಿನಲ್ಲಿ ಹೆಸರು, ಹೊತ್ತು ಬರೆದುಕೊಂಡು ಕೊಡುತ್ತಿದ್ದ. ಐದು ನಿಮಿಷ ತಡವಾದರೆ ಬೈಗುಳ. ವಿಡಿಯೋ ಗೇಮ್ ನಮ್ಮ ಬದುಕಿಗೆ ಬಂದದ್ದು ಅದೇ ಏರ್ಪಾಡಿನಲ್ಲಿ. ಮೊದಲು ಕಾಯಿನ್, ಆಮೇಲೆ ಪ್ಲೇಸ್ಟೇಷನ್ ಇಟ್ಟ ಅಂಗಡಿಗಳಲ್ಲಿ ಅರ್ಧ ಗಂಟೆ ಒಂದು ಗಂಟೆಯ ದರ, ಆಮೇಲೆ ಸೈಬರ್ ಕೆಫೆ. ಎರಡು ಸಾವಿರದ ದಶಕದ ಮೊದಲ ವರ್ಷಗಳಲ್ಲಿ ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜುಗಳ ಸುತ್ತಮುತ್ತಲಿನ ಸೈಬರ್ ಕೆಫೆಗಳಿಗೆ ಇಮೇಲ್ ನೋಡಲು ಬರುವವರಿಗಿಂತ ‘ಕೌಂಟರ್ ಸ್ಟ್ರೈಕ್’ ಆಡಲು ಬರುವವರ ಗದ್ದಲವೇ ಜೋರು. ಹತ್ತು ಕಂಪ್ಯೂಟರುಗಳನ್ನು ಒಂದಕ್ಕೊಂದು ಜೋಡಿಸಿ, ಐವರು ಈ ಕಡೆ ಐವರು ಆ ಕಡೆ ಕೂತರೆ, ಪಕ್ಕದವನ ಕಿರುಚಾಟವೇ ಆಟದ ಅರ್ಧ. ಸೋತ ತಂಡ ಎಲ್ಲರ ಗಂಟೆಯ ಹಣ ಕೊಡಬೇಕು ಎಂಬ ಪಂದ್ಯಗಳೂ ನಡೆಯುತ್ತಿದ್ದವು.

ಮನೆಗೆ ಕಂಪ್ಯೂಟರ್ ಬಂದವರ ಪಾಡು ಬೇರೆ. ಶಾಲೆಯ ಲ್ಯಾಬಿನಲ್ಲಿ ‘ಡೇವ್’, ‘ಪ್ರಿನ್ಸ್ ಆಫ್ ಪರ್ಷಿಯಾ’. ಮನೆಯಲ್ಲಿ ಕಂಪ್ಯೂಟರ್ ಪತ್ರಿಕೆಯ ಜೊತೆ ಬರುತ್ತಿದ್ದ ಸಿಡಿಯ ಡೆಮೊಗಳು. ಡೆಮೊ ಎಂದರೆ ಆಟದ ಮೊದಲ ಒಂದೆರಡು ಹಂತ ಮಾತ್ರ. ಮುಂದಿನದು ಬೇಕಾದರೆ ದುಡ್ಡು ಕೊಡಿ ಎನ್ನುವ ಈ ಪದ್ಧತಿ 1993ರ ‘ಡೂಮ್’ ಮೊದಲ ಭಾಗವನ್ನು ಪುಕ್ಕಟೆ ಹಂಚಿದ ಕಾಲದಿಂದ ಪ್ರಸಿದ್ಧ. ನಮ್ಮಲ್ಲಿ ಹಲವರು ಆ ಎರಡು ಹಂತಗಳನ್ನೇ ನೂರಾರು ಸಲ ಆಡಿದರು, ಏಕೆಂದರೆ ಮುಂದಿನದನ್ನು ಕೊಳ್ಳುವ ದಾರಿಯೇ ಇರಲಿಲ್ಲ. ಅಸಲಿ ಪೆಟ್ಟಿಗೆಯ ಬೆಲೆ ಸಾವಿರಕ್ಕೂ ಮೇಲೆ, ಅದೂ ಎಲ್ಲ ಊರಲ್ಲಿ ಸಿಗದು. ಆ ಜಾಗವನ್ನು ತುಂಬಿದ್ದು ನಕಲಿ ಸಿಡಿ. ಬೆಂಗಳೂರಿನ ಎಸ್.ಪಿ. ರಸ್ತೆ, ನ್ಯಾಷನಲ್ ಮಾರ್ಕೆಟ್‌ಗಳಿಂದ ಊರುಗಳಿಗೆ ಹೋದ ‘ವೈಸ್ ಸಿಟಿ’ ಸಿಡಿಗಳೇ ಒಂದು ತಲೆಮಾರಿನ ಮೊದಲ ದೊಡ್ಡ ಆಟ. ಅದು ತಪ್ಪು ಎಂದು ಯಾರಿಗೂ ಅನ್ನಿಸಿರಲಿಲ್ಲ. ಅಂಗಡಿಯಲ್ಲಿ ಬಹಿರಂಗವಾಗಿ ತೂಗುಹಾಕಿದ್ದ ವಸ್ತು ಕಳ್ಳಮಾಲು ಎಂದು ಹದಿಮೂರರ ಹುಡುಗನಿಗೆ ತಿಳಿಯುವುದಾದರೂ ಹೇಗೆ?

ಇದರ ಮುಂದಿನ ಭಾಗ ನನಗೆ ತುಂಬ ಇಷ್ಟ. ಬೆಂಗಳೂರಿನಲ್ಲಿ 1997ರಲ್ಲೇ ಧ್ರುವ ಇಂಟರ್‌ಆ್ಯಕ್ಟಿವ್ ಎಂಬ ಗೇಮ್ ಸಂಸ್ಥೆ ಶುರುವಾಗಿತ್ತು, ಈ ದೇಶದ ಮೊದಲ ಸಂಸ್ಥೆಗಳಲ್ಲಿ ಒಂದು. ಹೊರದೇಶದ ದೊಡ್ಡ ಆಟಗಳಿಗೆ ಚಿತ್ರ, ಕಟ್ಟಡ, ವಾಹನಗಳನ್ನು ರೂಪಿಸಿಕೊಡುವುದು ಅದರ ಮುಖ್ಯ ಕೆಲಸ. 2019ರಲ್ಲಿ ಅದನ್ನು ಕೊಂಡದ್ದು ‘ವೈಸ್ ಸಿಟಿ’ಯನ್ನು ತಯಾರಿಸಿದ ರಾಕ್‌ಸ್ಟಾರ್ ಕಂಪನಿಯೇ, ಅದರ ಭಾರತದ ಸ್ಟುಡಿಯೋ ಇರುವುದೂ ಬೆಂಗಳೂರಿನಲ್ಲಿ. ನಕಲಿ ಸಿಡಿ ಆಡಿ ಬೆಳೆದ ಊರಿನಲ್ಲಿ ಅಸಲಿ ಆಟದ ಭಾಗಗಳು ತಯಾರಾಗತೊಡಗಿದವು.

ನಕಲಿ ಹಾವಳಿಗೆ ಬೇರೆ ದೇಶಗಳು ಕಂಡುಕೊಂಡ ಉತ್ತರವೇ ಈಗ ನಮ್ಮ ಕೈಯಲ್ಲಿದೆ. ದಕ್ಷಿಣ ಕೊರಿಯಾದಲ್ಲೂ ಪೆಟ್ಟಿಗೆಯ ಆಟ ಮಾರುವುದು ಕಷ್ಟವಿತ್ತು. ಯಾರೋ ಒಬ್ಬ ಕೊಂಡರೆ ನೂರು ಮಂದಿ ನಕಲು ಮಾಡಿಕೊಳ್ಳುತ್ತಿದ್ದರು. ಅಲ್ಲಿಯೂ ಗಂಟೆ ಲೆಕ್ಕದ ಕಂಪ್ಯೂಟರ್ ಕೋಣೆಗಳೇ ಯುವಕರ ಅಡ್ಡೆ. ಆಟವನ್ನು ಕದಿಯಲಾಗದ ಹಾಗೆ ಕಂಪನಿಯ ಸರ್ವರಿನಲ್ಲೇ ಇಟ್ಟುಬಿಟ್ಟರೆ? ಪ್ರವೇಶ ಪುಕ್ಕಟೆ ಮಾಡಿ, ಒಳಗೆ ಬಂದವರಿಗೆ ಬಟ್ಟೆ, ಟೋಪಿ, ಕತ್ತಿ ಮಾರಿದರೆ? ನೆಕ್ಸಾನ್ ಎಂಬ ಕೊರಿಯಾದ ಕಂಪನಿ 2000ದ ಆಸುಪಾಸಿನಲ್ಲಿ ಈ ಪದ್ಧತಿಯನ್ನು ಗಟ್ಟಿಮಾಡಿತು. ಪಶ್ಚಿಮದವರು ಅದನ್ನು ಮೊದಲು ನಂಬಲಿಲ್ಲ. 2006ರಲ್ಲಿ ‘ಒಬ್ಲಿವಿಯನ್’ ಆಟಕ್ಕೆ ಎರಡೂವರೆ ಡಾಲರಿನ ಕುದುರೆ ಕವಚವೊಂದನ್ನು ಪ್ರತ್ಯೇಕವಾಗಿ ಮಾರಿದಾಗ, ಪೂರ್ತಿ ಹಣ ಕೊಟ್ಟು ಆಟ ಕೊಂಡ ಮೇಲೆ ಮತ್ತೆ ಇದಕ್ಕೂ ಕೊಡಬೇಕೇ ಎಂದು ಆಟಗಾರರು ರೇಗಿದರು. ರೇಗಿದರು, ಆದರೆ ಕೊಂಡರು.

ರಿಯಾಯಿತಿ ಹಬ್ಬ

ನಡುವೆ ಇನ್ನೊಂದು ತಿರುವು ಬಂತು. 2003ರಲ್ಲಿ ವಾಲ್ವ್ ಕಂಪನಿ ‘ಸ್ಟೀಮ್’ ಎಂಬ ಆನ್‌ಲೈನ್ ಅಂಗಡಿಯನ್ನು ತೆರೆಯಿತು. ಭಾರತದವರಿಗೆ ಬಹಳ ಕಾಲ ಅದರಲ್ಲಿ ಬೆಲೆ ಡಾಲರಿನಲ್ಲಿತ್ತು; ಹೊರದೇಶಕ್ಕೆ ಪಾವತಿ ಮಾಡುವ ಕ್ರೆಡಿಟ್ ಕಾರ್ಡ್ ಇದ್ದವರಿಗೆ ಮಾತ್ರ ಅದು ಅಂಗಡಿ, ಉಳಿದವರಿಗೆ ಗಾಜಿನ ಆಚೆಯ ಸಾಮಾನು. 2015ರಲ್ಲಿ ರೂಪಾಯಿ ಬೆಲೆ ಬಂತು, ಬರಬರುತ್ತ ಬ್ಯಾಂಕ್ ಖಾತೆ, ಯುಪಿಐ ಪಾವತಿಗಳೂ ಬಂದವು. ನಕಲಿ ಸಿಡಿ ಆಡಿದವರೇ ಈ ಹೊತ್ತಿಗೆ ಕೆಲಸಕ್ಕೆ ಸೇರಿದ್ದರು. ಬೇಸಿಗೆಯ ಸೇಲ್, ಚಳಿಗಾಲದ ಸೇಲ್‌ಗಳಲ್ಲಿ ಮುಕ್ಕಾಲು ಪಾಲು ರಿಯಾಯಿತಿಗೆ ಸಿಗುವ ಹಳೆಯ ಆಟಗಳನ್ನು ಕೊಂಡು ಪೇರಿಸತೊಡಗಿದರು. ಎಷ್ಟೋ ಮಂದಿ ಹದಿಹರೆಯದಲ್ಲಿ ನಕಲಿಯಾಗಿ ಆಡಿ ಮುಗಿಸಿದ್ದ ಆಟವನ್ನೇ ಅಸಲಿಯಾಗಿ ಕೊಂಡರು, ಮತ್ತೆ ಆಡಲಿಕ್ಕಲ್ಲ, ತಯಾರಿಸಿದವರ ಋಣ ತೀರಿಸಲಿಕ್ಕೆ. ಇದನ್ನು ನಾನು ದೊಡ್ಡ ಸಂಗತಿ ಎಂದುಕೊಳ್ಳುತ್ತೇನೆ. ಸಿಗುವಂತಿದ್ದು, ಕೈಗೆಟಕುವ ಬೆಲೆಯಿದ್ದರೆ ಜನ ದುಡ್ಡು ಕೊಡುತ್ತಾರೆ.

ಆದರೆ ಕೊಳ್ಳುವುದು, ಆಡುವುದು ಇಲ್ಲಿಂದ ಎರಡು ಬೇರೆ ಚಟುವಟಿಕೆಗಳಾದವು. ಹುಡುಗನಾಗಿದ್ದಾಗ ಒಂದೇ ಆಟ, ಮುಗಿಯದ ಮಧ್ಯಾಹ್ನಗಳು. ಸಂಬಳ ಬಂದಮೇಲೆ ಇನ್ನೂರು ಆಟ, ಮಗು ಮಲಗಿದ ಮೇಲೆ ಸಿಗುವ ನಲವತ್ತು ನಿಮಿಷ. ಆ ನಲವತ್ತರಲ್ಲಿ ಹತ್ತು ಯಾವುದನ್ನು ಆಡಲಿ ಎಂದು ಹುಡುಕುವುದರಲ್ಲೇ ಕಳೆಯುತ್ತದೆ, ಕೊನೆಗೆ ಕೈ ಹೋಗುವುದು ಹತ್ತು ವರ್ಷದಿಂದ ಆಡುತ್ತಿರುವ ಆಟಕ್ಕೇ. ಇದು ನಮ್ಮೊಬ್ಬರದೇ ಸ್ವಭಾವವಲ್ಲ. 2024ರಲ್ಲಿ ಸ್ಟೀಮ್‌ಗೆ 18 ಸಾವಿರಕ್ಕೂ ಹೆಚ್ಚು ಹೊಸ ಆಟಗಳು ಬಂದವು. ಆ ವರ್ಷದ ಕೊನೆಯಲ್ಲಿ ವಾಲ್ವ್ ಪ್ರಕಟಿಸಿದ ಲೆಕ್ಕದಂತೆ, ಅಲ್ಲಿ ಆಟಗಾರರು ಕಳೆದ ಒಟ್ಟು ಸಮಯದಲ್ಲಿ ಅದೇ ವರ್ಷ ಬಿಡುಗಡೆಯಾದ ಆಟಗಳಿಗೆ ಸಂದದ್ದು ಶೇಕಡ 15 ಮಾತ್ರ. ಎಂಟು ವರ್ಷ ಅಥವಾ ಅದಕ್ಕೂ ಹಳೆಯ ಆಟಗಳಿಗೆ ಸಂದದ್ದು ಶೇಕಡ 37. ವರ್ಷವಿಡೀ ಸಾಮಾನ್ಯ ಬಳಕೆದಾರ ಆಡಿದ್ದು ನಾಲ್ಕೇ ಆಟ.

ತಯಾರಕರಿಗೆ ಇದು ಅರ್ಥವಾಗಿ ಬಹಳ ದಿನಗಳಾದವು. ರಾಕ್‌ಸ್ಟಾರ್ 2001ರಿಂದ 2004ರೊಳಗೆ ‘ಗ್ರ್ಯಾಂಡ್ ಥೆಫ್ಟ್ ಆಟೊ’ ಸರಣಿಯ ಮೂರು ದೊಡ್ಡ ಆಟಗಳನ್ನು ಕೊಟ್ಟಿತ್ತು. 2013ರಲ್ಲಿ ಐದನೆಯದು ಬಂತು. ಅದರ ಆನ್‌ಲೈನ್ ರೂಪದಲ್ಲಿ ಆಟದೊಳಗಿನ ಹಣವನ್ನು ನಿಜವಾದ ಹಣಕ್ಕೆ ಮಾರುವ ವ್ಯಾಪಾರ ಎಷ್ಟು ಚೆನ್ನಾಗಿ ನಡೆಯಿತೆಂದರೆ, ಹತ್ತು ವರ್ಷ ಕಳೆದರೂ ಆರನೆಯದು ಬರಲಿಲ್ಲ. ಹೊಸ ಆಟ ಮಾಡಿ ಮಾರುವುದಕ್ಕಿಂತ, ಇರುವ ಆಟದಲ್ಲಿ ಜನರನ್ನು ಉಳಿಸಿಕೊಳ್ಳುವುದು ಲಾಭ.

ಪುಕ್ಕಟೆ ಆಟದ ಬೆಲೆ

ಕರ್ನಾಟಕದ ಬಹುಪಾಲು ಜನ ಮೇಲಿನ ಯಾವ ಅಂಗಡಿಗೂ ಹೋದವರಲ್ಲ. 2016ರ ಸೆಪ್ಟೆಂಬರಿನಲ್ಲಿ ಜಿಯೋ ಬಂದು ಡೇಟಾ ಅಗ್ಗವಾಯಿತು, ಹಳ್ಳಿಯ ಹುಡುಗನ ಕೈಗೂ ಸ್ಮಾರ್ಟ್‌ಫೋನ್ ಬಂತು. 2018ರಲ್ಲಿ ‘ಪಬ್‌ಜಿ ಮೊಬೈಲ್’ ಬಂದಾಗ ಕಲಬುರಗಿಯವನೂ ಕುಂದಾಪುರದವನೂ ಒಂದೇ ಸ್ಕ್ವಾಡಿನಲ್ಲಿ ಸೇರಿದರು. ಕಂಪ್ಯೂಟರ್ ಬೇಡ, ಸಿಡಿ ಬೇಡ, ಮೊದಲೇ ಕೊಡಬೇಕಾದ ಹಣವಿಲ್ಲ. ಬೈಲಿನಲ್ಲಿ, ಬಸ್ ನಿಲ್ದಾಣದಲ್ಲಿ, ಹಾಸ್ಟೆಲಿನ ಮೆಟ್ಟಿಲಿನ ಮೇಲೆ ನಾಲ್ವರು ತಲೆ ತಗ್ಗಿಸಿ ಕೂತು ‘ರಿವೈವ್ ಮಾಡೋ’ ಎಂದು ಕೂಗುವುದು ಎಲ್ಲೆಡೆ ಕೇಳಿಸತೊಡಗಿತು. 2019ರ ಜನವರಿಯಲ್ಲಿ ಪರೀಕ್ಷೆಯ ಕುರಿತ ಸಂವಾದದಲ್ಲಿ ತಾಯಿಯೊಬ್ಬರು ಮಗನ ಆಟದ ಗೀಳಿನ ಬಗ್ಗೆ ಹೇಳಿಕೊಂಡಾಗ ಪ್ರಧಾನಿಯೇ ಪಬ್‌ಜಿಯ ಹೆಸರೆತ್ತಿ ಕೇಳಿದ್ದರು.

ಫೋನ್ ಮಾಡಿದ ಇನ್ನೊಂದು ಉಪಕಾರವನ್ನು ಯಾರೂ ಸಾಕಷ್ಟು ಹೇಳುವುದಿಲ್ಲ. ಕಾಯಿನ್ ಅಂಗಡಿಯೂ ಸೈಬರ್ ಕೆಫೆಯೂ ಗಂಡುಹುಡುಗರ ಜಾಗಗಳಾಗಿದ್ದವು. ಹೆಣ್ಣುಮಗಳೊಬ್ಬಳು ಅಲ್ಲಿಗೆ ಹೋಗುವುದನ್ನು ಊಹಿಸುವುದೂ ಕಷ್ಟವಿತ್ತು. ‘ಕ್ಯಾಂಡಿ ಕ್ರಷ್’ ಮತ್ತು ಲಾಕ್‌ಡೌನ್ ಕಾಲದಲ್ಲಿ ಎಲ್ಲ ಮನೆಗಳಿಗೂ ನುಗ್ಗಿದ ‘ಲೂಡೊ ಕಿಂಗ್’ ಮೂಲಕ ಅಮ್ಮಂದಿರು, ಅಜ್ಜಿಯರು ವಿಡಿಯೋ ಗೇಮ್ ಆಡಿದರು. ಚೌಕಾಬಾರ ಗೊತ್ತಿದ್ದವರಿಗೆ ಲೂಡೊ ಕಲಿಸಬೇಕಾಗಿರಲಿಲ್ಲ. ಅಮೆರಿಕದಲ್ಲಿದ್ದ ಮಗಳು, ಮೈಸೂರಿನ ತಾಯಿ ಒಂದೇ ಹಲಗೆಯ ಮೇಲೆ ಕಾಯಿ ನಡೆಸಿದರು.

ಈಗ ಆ ‘ಕ್ಯಾಂಡಿ ಕ್ರಷ್’ನ ಒಳಗೆ ನೋಡಿ. ಐದು ಲೈಫ್. ಹೋದ ಒಂದು ಲೈಫ್ ಮರಳಿ ಬರಲು ಅರ್ಧ ಗಂಟೆ. ಕಾಯಲಾಗದಿದ್ದರೆ ದುಡ್ಡು ಕೊಡಿ, ಇಲ್ಲವೇ ಗೆಳತಿಯನ್ನು ಕೇಳಿ. ಮುಸ್ತಫಾ ಯಂತ್ರದ ಕೆಳಗಿಳಿಯುವ ಅಂಕಿಗಳೇ ಇವು. ಕಾಯಿನ್ ಕಿಂಡಿ ಮಾತ್ರ ಕಾಣುವುದಿಲ್ಲ. ಎರಡರ ನಡುವೆ ಒಂದು ವ್ಯತ್ಯಾಸವಿದೆ, ನನಗೆ ಅದು ಬಹಳ ಮುಖ್ಯ. ಕಾಯಿನ್ ಅಂಗಡಿಯಲ್ಲಿ ಜೇಬು ಖಾಲಿಯಾದರೆ ಹುಡುಗ ಮನೆಗೆ ಹೋಗುತ್ತಿದ್ದ. ಪುಕ್ಕಟೆ ಆಟಕ್ಕೆ ಅವನು ಹೋಗುವುದೇ ಬೇಡ. ದುಡ್ಡು ಕೊಡುವವರು ಆಡುವವರಲ್ಲಿ ಸಣ್ಣ ಪಾಲು. ಆ ಸಣ್ಣ ಪಾಲಿನವರು ತಮ್ಮ ಹೊಸ ಅಂಗಿಯನ್ನು, ಹೊಳೆಯುವ ಬಂದೂಕನ್ನು ತೋರಿಸಿಕೊಳ್ಳಲು ಉಳಿದ ಲಕ್ಷಾಂತರ ಮಂದಿ ಅಲ್ಲಿ ನೆರೆದಿರಬೇಕು. ಒಂದು ಪೈಸೆ ಕೊಡದವನೂ ಆ ಜಾತ್ರೆಯ ಜನಸಂದಣಿಯಾಗಿ ಕೆಲಸ ಮಾಡುತ್ತಿರುತ್ತಾನೆ.

ಅವನನ್ನು ದಿನವೂ ಕರೆತರಲು ದಿನಕ್ಕೊಂದು ಉಡುಗೊರೆ, ದಿನಕ್ಕೊಂದು ಮಿಷನ್. ಪಬ್‌ಜಿಯಲ್ಲಿ ‘ರಾಯಲ್ ಪಾಸ್’ ಕೊಂಡವನ ಪಾಡು ಇನ್ನೂ ವಿಚಿತ್ರ: ಹಣ ಕೊಟ್ಟದ್ದು ಬಹುಮಾನಕ್ಕಲ್ಲ, ಬಹುಮಾನಕ್ಕಾಗಿ ದುಡಿಯುವ ಅವಕಾಶಕ್ಕೆ. ಅವಧಿ ಮುಗಿಯುವುದರೊಳಗೆ ಇಷ್ಟು ಹಂತ ಏರದಿದ್ದರೆ ಕೊಟ್ಟ ಹಣ ನೀರುಪಾಲು. ಬೆಲೆಯೂ ರೂಪಾಯಿಯಲ್ಲಿ ಕಾಣುವುದಿಲ್ಲ. ರೂಪಾಯಿ ಕೊಟ್ಟು ಆಟದೊಳಗಿನ ಹಣವಾದ ಯುಸಿ ಕೊಳ್ಳಬೇಕು, ಯುಸಿ ಕೊಟ್ಟು ಅಂಗಿ ಕೊಳ್ಳಬೇಕು. ಬೇಕಾದ ವಸ್ತುವಿಗೆ ಸರಿಯಾಗಿ ಹೊಂದುವ ಕಟ್ಟು ಸಿಗುವುದು ಅಪರೂಪ. ಒಂದಿಷ್ಟು ಮಿಗುತ್ತದೆ, ಮಿಕ್ಕದ್ದನ್ನು ಖರ್ಚು ಮಾಡಲು ಇನ್ನೊಂದಿಷ್ಟು ಕೊಳ್ಳಬೇಕಾಗುತ್ತದೆ. ಪೆಟ್ಟಿಗೆ ತೆರೆದಾಗ ಏನು ಬರುತ್ತದೆಂದು ತಿಳಿಯದ ಮಾರಾಟವಂತೂ ಜೂಜಿಗೆ ಅಂಟಿಕೊಂಡೇ ಇದೆ. ಬೆಲ್ಜಿಯಂ ಅಂಥ ಪೆಟ್ಟಿಗೆಗಳನ್ನು 2018ರಲ್ಲೇ ಜೂಜು ಎಂದು ಕರೆದು ತಡೆಯಿತು. ಭಾರತದಲ್ಲಿ 2025ರ ಆಗಸ್ಟ್‌ನಲ್ಲಿ ಬಂದ ಕಾನೂನು ಹಣ ಪಣಕ್ಕಿಟ್ಟು ಹಣ ಗೆಲ್ಲುವ ಆನ್‌ಲೈನ್ ಆಟಗಳನ್ನು ನಿಷೇಧಿಸಿ, ಇ-ಸ್ಪೋರ್ಟ್ಸ್ ಮತ್ತು ಮನರಂಜನೆಯ ಆಟಗಳನ್ನು ಪ್ರತ್ಯೇಕವಾಗಿಸಿತು. ಅದಕ್ಕೂ ಮೊದಲು ಕರ್ನಾಟಕ ಇಂಥದ್ದೇ ನಿಷೇಧವನ್ನು 2021ರಲ್ಲಿ ತಂದಿತ್ತು. 2022ರ ಫೆಬ್ರುವರಿಯಲ್ಲಿ ಹೈಕೋರ್ಟ್ ಅದನ್ನು ರದ್ದುಮಾಡಿತು. ರಮ್ಮಿಯ ಗಲಾಟೆಯಲ್ಲಿ ಮಕ್ಕಳ ಆಟದೊಳಗಿನ ಈ ಅದೃಷ್ಟದ ಪೆಟ್ಟಿಗೆಗಳು ಚರ್ಚೆಗೇ ಬರಲಿಲ್ಲವೆಂಬುದು ನನ್ನ ಬೇಸರ. ಅಪ್ಪನ ಫೋನಿನಲ್ಲಿ ಆಡುವ ಹತ್ತು ವರ್ಷದ ಮಗುವಿಗೂ ಅಪ್ಪನ ಯುಪಿಐಗೂ ನಡುವೆ ಇರುವುದು ಕೆಲವು ಅಂಕಿಗಳ ಪಿನ್ ಒಂದೇ, ಅದು ಮಗುವಿಗೆ ಬಾಯಿಪಾಠ.

ಕೊಂಡದ್ದು ಯಾರದು?

2020ರ ಸೆಪ್ಟೆಂಬರ್ 2ರಂದು ಕೇಂದ್ರ ಸರ್ಕಾರ ಪಬ್‌ಜಿ ಮೊಬೈಲನ್ನು ನಿಷೇಧಿಸಿತು. ಅಕ್ಟೋಬರ್ ಕೊನೆಗೆ ಸರ್ವರ್ ನಿಂತಿತು. ವರ್ಷಗಟ್ಟಲೆ ಆಡಿ, ದುಡ್ಡು ಕೊಟ್ಟು ಕೂಡಿಸಿದ್ದ ಅಂಗಿ ಬಂದೂಕುಗಳೆಲ್ಲ ಒಂದೇ ದಿನದಲ್ಲಿ ಕಣ್ಮರೆ. ಮರುವರ್ಷದ ಜುಲೈನಲ್ಲಿ ಕೊರಿಯಾದ ಕ್ರಾಫ್ಟನ್ ಕಂಪನಿ ‘ಬಿಜಿಎಂಐ’ ಹೆಸರಿನಲ್ಲಿ ಅದನ್ನು ಮತ್ತೆ ತಂದು, ಹಳೆಯ ಖಾತೆಯನ್ನು ವರ್ಗಾಯಿಸಿಕೊಳ್ಳಲು ಅವಕಾಶ ಕೊಟ್ಟಿತು. 2022ರ ಜುಲೈನಲ್ಲಿ ಅದೂ ಅಂಗಡಿಯಿಂದ ಮಾಯ, 2023ರ ಮೇನಲ್ಲಿ ಮತ್ತೆ ಪ್ರತ್ಯಕ್ಷ. ಈ ಸಲ ಹದಿನೆಂಟರ ಒಳಗಿನವರಿಗೆ ದಿನಕ್ಕೆ 3 ಗಂಟೆ, ಉಳಿದವರಿಗೆ 6 ಗಂಟೆ ಎಂಬ ಮಿತಿ ಇತ್ತು. ಸೈಕಲ್ ಅಂಗಡಿಯವನ ನೋಟ್‌ಬುಕ್ಕು ಫೋನಿನೊಳಗೆ ಬಂದಿತ್ತು. ನಿಷೇಧದ ರಾಜಕೀಯ ಏನೇ ಇರಲಿ, ಆ ಮೂರು ವರ್ಷಗಳಲ್ಲಿ ನಮ್ಮ ಹುಡುಗರು ಒಂದನ್ನು ಕಣ್ಣಾರೆ ಕಂಡರು: ಹಣ ಕೊಟ್ಟು ಪಡೆದದ್ದು ತಮ್ಮದಾಗಿರಲಿಲ್ಲ.

ಪೂರ್ತಿ ಬೆಲೆ ಕೊಟ್ಟವರ ಗತಿಯೂ ಈಗ ಅದೇ. ಯೂಬಿಸಾಫ್ಟ್ ಕಂಪನಿಯ ‘ದಿ ಕ್ರ್ಯೂ’ ಎಂಬ 2014ರ ಕಾರ್ ಆಟವನ್ನು ಒಬ್ಬರೇ ಕೂತು ಆಡಬಹುದಿತ್ತು, ಆದರೆ ಸರ್ವರಿನ ಸಂಪರ್ಕ ಕಡ್ಡಾಯವಿತ್ತು. 2024ರ ಮಾರ್ಚ್ 31ರಂದು ಸರ್ವರ್ ನಿಲ್ಲಿಸಿದಾಗ ಡಿಸ್ಕ್ ಕೊಂಡಿದ್ದವರ ಕೈಯಲ್ಲೂ ಉಳಿದದ್ದು ಪ್ಲಾಸ್ಟಿಕ್. ಅದರ ವಿರುದ್ಧ ಯೂರೋಪಿನಲ್ಲಿ ಶುರುವಾದ ‘ಸ್ಟಾಪ್ ಕಿಲ್ಲಿಂಗ್ ಗೇಮ್ಸ್’ ಚಳವಳಿಯ ಮನವಿಗೆ 2025ರ ಜುಲೈ ಹೊತ್ತಿಗೆ ಸಹಿ ಹಾಕಿದವರು 10 ಲಕ್ಷ ದಾಟಿದರು. ಡಿಜಿಟಲ್ ಸರಕನ್ನು ಮಾರುವಾಗ, ನೀವು ಕೊಳ್ಳುತ್ತಿರುವುದು ಬಳಸುವ ಪರವಾನಗಿ ಮಾತ್ರ ಎಂದು ಸ್ಪಷ್ಟವಾಗಿ ಹೇಳಬೇಕೆಂದು ಕ್ಯಾಲಿಫೋರ್ನಿಯಾ ಕಾನೂನು ಮಾಡಿತು. ಸ್ಟೀಮ್ ಆ ಸಾಲನ್ನು ಹಣ ಪಾವತಿಯ ಪುಟದಲ್ಲೇ ತೋರಿಸುತ್ತಿದೆ. ತಿಂಗಳ ಬಾಡಿಗೆಯ ‘ಗೇಮ್ ಪಾಸ್’ ಆದರೆ ಕನಿಷ್ಠ ಬಾಡಿಗೆ ಎಂದೇ ಹೇಳಿಕೊಳ್ಳುತ್ತದೆ. 2017ರಲ್ಲಿ 10 ಡಾಲರಿಗೆ ಶುರುವಾದ ಆ ಸೇವೆಯ ಮೇಲ್ದರ್ಜೆಗೆ 2025ರ ಅಕ್ಟೋಬರಿನಲ್ಲಿ 30 ಡಾಲರ್ ಆಯಿತು.

ಇದು ಆಟಗಾರರ ದುಡ್ಡಿನ ವಿಷಯ ಮಾತ್ರವಲ್ಲ. ಅಮೆರಿಕದ ವಿಡಿಯೋ ಗೇಮ್ ಹಿಸ್ಟರಿ ಫೌಂಡೇಶನ್ 2023ರಲ್ಲಿ ಲೆಕ್ಕ ಹಾಕಿದಾಗ, 2010ಕ್ಕಿಂತ ಮೊದಲು ಆ ದೇಶದಲ್ಲಿ ಬಂದ ಆಟಗಳಲ್ಲಿ ಶೇಕಡ 87 ಈಗ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ ಎಂದು ಕಂಡಿತು. ಹಾಗಿದ್ದರೂ ಕ್ಯಾಸೆಟ್ಟು ಎಲ್ಲೋ ಅಟ್ಟದ ಮೇಲೆ ಉಳಿದಿರುತ್ತದೆ. ‘ಮುಸ್ತಫಾ’ವನ್ನು ಇವತ್ತಿಗೂ ಆಡಬಹುದು. ನಮ್ಮ ಹಳ್ಳಿಗಳ ಮೊದಲ ತಲೆಮಾರಿನ ಆಟಗಾರರು ಬೆಳೆದದ್ದು ಸರ್ವರಿನಲ್ಲಿ ಮಾತ್ರ ಇರುವ ಆಟಗಳೊಂದಿಗೆ. ನಲವತ್ತಾದಾಗ ಅವರು ತಮ್ಮ ಮಕ್ಕಳಿಗೆ ಇದು ನಾನು ಆಡಿದ ಆಟ ಎಂದು ತೋರಿಸಲು ಏನೂ ಇರುವುದಿಲ್ಲ. ಗ್ರಂಥಾಲಯವಾಗಲಿ, ವಸ್ತುಸಂಗ್ರಹಾಲಯವಾಗಲಿ ಅದನ್ನು ಇಟ್ಟುಕೊಳ್ಳಲು ಕಂಪನಿಯ ಅನುಮತಿ ಬೇಕು. ಸರ್ವರ್ ನಿಲ್ಲಿಸುವ ಮುನ್ನ ಆಟವನ್ನು ಇಂಟರ್ನೆಟ್ ಇಲ್ಲದೆ ನಡೆಯುವಂತೆ ಮಾಡಿಕೊಡಿ ಎಂಬ ಯೂರೋಪಿನವರ ಬೇಡಿಕೆ ನಮ್ಮದೂ ಆಗಬೇಕು ಎಂದು ನಾನು ಒತ್ತಿ ಹೇಳುತ್ತೇನೆ.

ಬೆಂಗಳೂರು, ಮಂಗಳೂರುಗಳ ಪ್ಲೇಸ್ಟೇಷನ್ ಆಟಗಾರರಲ್ಲಿ ಇನ್ನೂ ಒಂದು ಹಳೆಯ ಅಭ್ಯಾಸ ಜೀವಂತವಾಗಿದೆ. 4,999 ರೂಪಾಯಿಯ ಹೊಸ ಆಟದ ಡಿಸ್ಕನ್ನು ಒಬ್ಬ ಕೊಂಡು, ಎರಡು ಮೂರು ವಾರದಲ್ಲಿ ಮುಗಿಸಿ, ವಾಟ್ಸ್‌ಆ್ಯಪ್ ಗುಂಪಿನಲ್ಲೋ ಸೆಕೆಂಡ್ ಹ್ಯಾಂಡ್ ಅಂಗಡಿಯಲ್ಲೋ ಮಾರುತ್ತಾನೆ. ಅದೇ ಡಿಸ್ಕು ಮೂರನೆಯವನಿಗೆ, ನಾಲ್ಕನೆಯವನಿಗೆ ಇಳಿದು ಹೋಗುತ್ತದೆ. ಪ್ರತಿ ಕೈಗೂ ಬೆಲೆ ಕಡಿಮೆ. ಡಿಗ್ರಿ ಓದುವ ಹುಡುಗನಿಗೆ ದೊಡ್ಡ ಆಟ ಎಟಕುವುದು ಈ ಸಾಲಿನಲ್ಲಿ ನಿಂತಾಗಲೇ. ಪ್ಲೇಸ್ಟೇಷನ್ 5ಕ್ಕೆ ಡಿಸ್ಕ್ ಇಲ್ಲದ ಮಾದರಿ ಮೊದಲ ದಿನದಿಂದಲೂ ಇದೆ. 2024ರ ‘ಪ್ರೊ’ ಮಾದರಿಯಲ್ಲಿ ಡಿಸ್ಕ್ ಡ್ರೈವ್ ಬೇಕಾದರೆ ಬೇರೆಯಾಗಿ ಕೊಳ್ಳಬೇಕು. ನಿಂಟೆಂಡೊ 2025ರಲ್ಲಿ ತಂದ ಯಂತ್ರದ ಕೆಲವು ಆಟಗಳ ಕಾರ್ಡಿನಲ್ಲಿ ಆಟವೇ ಇಲ್ಲ, ಇಳಿಸಿಕೊಳ್ಳುವ ಕೀಲಿ ಮಾತ್ರ. ಡ್ರೈವ್ ಪೂರ್ತಿ ಹೋದ ಮೇಲೆ ಆಟಕ್ಕೆ ಒಬ್ಬನೇ ಮಾರಾಟಗಾರ ಉಳಿಯುತ್ತಾನೆ. ಬೆಲೆ ಯಾವಾಗ ಇಳಿಸಬೇಕು, ಎಷ್ಟು ಇಳಿಸಬೇಕು ಎಂಬುದನ್ನು ಅವನೇ ಹೇಳುತ್ತಾನೆ, ಆ ಸಾಲಿನ ನಾಲ್ಕನೆಯ ಹುಡುಗ ಅಲ್ಲಿಯತನಕ ಕಾಯಬೇಕಾಗುತ್ತದೆ.